ರೋಹಿಣಿಯ ಮತ

ಸತ್ತ ಮೇಲೂ ಒಂದು ವರ್ಷದವರೆಗೆ ಮತ ಹಾಕುವ ಹಕ್ಕಿದ್ದ ಕಾಲವದು. ರಕ್ತಸಂಬಂಧಿ ಮತಯಂತ್ರದ ಮೇಲೆ ಕೈಯಿಟ್ಟರೆ, ತೀರಿಕೊಂಡವರು ಒಂದೇ ಒಂದು ಮಾತು ಆಡುತ್ತಿದ್ದರು.

ಹೆಣ್ಣು ಹೆಣ್ಣನ್ನು, ಗಂಡು ಗಂಡನ್ನು ಮದುವೆಯಾಗಬಹುದೇ ಎಂಬ ಜನಮತದ ದಿನ ಇಂದುಮತಿ ಮತಗಟ್ಟೆಗೆ ಹೋದಳು. ಮೂವತ್ತು ವರ್ಷ ತನ್ನೊಡನೆ ಬಾಳಿ ತೀರಿಹೋದ ರೋಹಿಣಿಯ ದನಿ ಕೇಳಬೇಕಿತ್ತು. ರೋಹಿಣಿಯ ತಮ್ಮ ವಸಂತ ಮುಂದೆ ನಿಂತಿದ್ದ. ತಿಂಗಳಿಡೀ ಓಣಿ ಓಣಿಯಲ್ಲಿ ಇಂಥ ಮದುವೆ ಬೇಡವೆಂದು ಭಾಷಣ ಮಾಡಿದವನು.

"ಅಲ್ಲೇ ನಿಲ್ರಿ. ನೀವು ಆಕಿಗೆ ಏನಾಗಬೇಕು?" ಎಂದು ಅವನು ಯಂತ್ರದ ಮೇಲೆ ಕೈಯಿಟ್ಟ.

"ರೋಹಿಣಿಯವ್ರ, ಇಂಥಾ ಮದುವಿ ಬೇಕೋ, ಬ್ಯಾಡೋ?" ಅಧಿಕಾರಿ ಕೇಳಿದರು.

ರೋಹಿಣಿಯ ದನಿ ಬಂತು: "ವಸಂತಾ, ಇಂದೂ ಊಟಾ ಮಾಡ್ಯಾಳೇನೋ?"

ಅಧಿಕಾರಿ ಮತ ಅಸಿಂಧುವೆಂದು ಬರೆದುಕೊಂಡರು. ವಸಂತ ತಲೆ ತಗ್ಗಿಸಿ ಹೊರಟುಹೋದ. ಆರಿದ ಯಂತ್ರದೆದುರು ನಿಂತು ಇಂದುಮತಿ ಮೆಲ್ಲಗೆ ಸುಳ್ಳು ಹೇಳಿದಳು: "ಮಾಡೀನವಾ, ಹೊಟ್ಟಿ ತುಂಬ."