ಬೆಳಕು ತಿಂದ ಅಂಚು

ಅಣ್ಣ ಪೆಟ್ಟಿಗೆಯನ್ನು ತಲೆಕೆಳಗೆ ಮಾಡಿದ್ದೇ ತಡ, ಹಲಗೆಗಳೆಲ್ಲ ದಡಬಡನೆ ಕಳಚಿ ಮರದ ಹೊಟ್ಟಿನ ಮೇಲೆ ಬಿದ್ದವು. ಕೈಯಲ್ಲಿ ಉಳಿದದ್ದು ಬರೀ ತಳ. ಅದನ್ನೇ ತಟ್ಟೆಯಂತೆ ಮುಂದೆ ಹಿಡಿದು, "ತಗೋ ತಾಯಿ, ನಿನ್ನ ಲೇಸರ್ ಪೆಟ್ಟಿಗೆ," ಎಂದು ನಕ್ಕ.

"ಪ್ಲೈವುಡ್ ಸರಿ ಇಲ್ಲ ಕಣೋ," ಎಂದಳು ತಂಗಿ.

"ಹೌದೌದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಂಟು, ಮೊಳೆ ಏನೂ ಇಲ್ಲದೆ ನಿಂತ್ರೆ ಈ ವರ್ಕ್‌ಶಾಪಲ್ಲಿ ಒಂದು ಮೂಲೆ ನಿಂದು ಅಂದಿದ್ದೆ. ನಿಲ್ಲಲಿಲ್ಲ. ಮುಗೀತಲ್ಲ?" ಅಣ್ಣ ಗರಗಸ ಎತ್ತಿಕೊಂಡು ತನ್ನ ಬಾಗಿಲ ಚೌಕಟ್ಟಿನ ಕೆಲಸಕ್ಕೆ ಹೋದ. ಕುರ್ಚಿಯೊಂದಕ್ಕೆ ಪಾಲಿಶ್ ಹಚ್ಚುತ್ತಿದ್ದ ಅತ್ತಿಗೆ, "ಪಾಪ, ಅಷ್ಟು ಆಸೆಪಟ್ಟು ಮಾಡಿದಾಳೆ," ಎಂದದ್ದು ಅವನ ಕಿವಿಗೆ ಬೀಳಲಿಲ್ಲ, ಅಥವಾ ಬಿದ್ದರೂ ಹೊರಬಿತ್ತು.

ತಂಗಿ ಕೋಟು ಹೊಲಿಯುವುದರಲ್ಲಿ ಹೆಸರು ಮಾಡಿದವಳು. ಆದರೆ ಚಿಕ್ಕಂದಿನಿಂದಲೂ ಅವಳ ಜೀವವೆಲ್ಲ ಮರದ ಮೇಲೆ. ಅಪ್ಪನೋ, ಬೆರಳು ಕಳೆದುಕೊಂಡಾಳು ಎಂದು ಹೆದರಿ, ಉಳಿಯನ್ನು ಕಿತ್ತುಕೊಂಡು ಸೂಜಿ ಕೊಟ್ಟಿದ್ದ. ಈಗ ಕೂದಲು ನರೆತ ಮೇಲೆ ಆ ಆಸೆ ಮತ್ತೆ ಹೆಡೆಯೆತ್ತಿತ್ತು. ಮರ ಕತ್ತರಿಸುವ ಲೇಸರ್ ಯಂತ್ರವನ್ನು ಅವಳು ಆರಿಸಿದ್ದು ಕೋಟಿನ ಬಟ್ಟೆ ಆರಿಸಿದ ಹಾಗೆಯೇ, ಎಳೆ ಎಳೆ ಬಿಡಿಸಿ. ಅಂಗಡಿಯವನು ನಲವತ್ತು ವ್ಯಾಟಿನದೇ ತಗೊಳ್ಳಿ ಎಂದು ದುಂಬಾಲು ಬಿದ್ದ. ತೆಳು ಪ್ಲೈವುಡ್ಡಿಗೆ ಹತ್ತು ಸಾಕು, ಹಾಸಿಗೆ ಇದ್ದಷ್ಟು ಕಾಲು ಚಾಚೋಣ ಎಂದಳು. ಮುಚ್ಚಳವಿಲ್ಲದ್ದು ಅಗ್ಗ ಎಂದ. ಕಣ್ಣು ಅಗ್ಗವಲ್ಲ ಎಂದಳು. ಕೊನೆಗೆ ಕಿತ್ತಳೆ ಗಾಜಿನ ಮುಚ್ಚಳ, ಗಾಳಿ ಊದುವ ಪಂಪು, ಹೊಗೆ ಹೊರಹಾಕುವ ಕೊಳವೆ ಇದ್ದದ್ದನ್ನು ಹೊತ್ತು ತಂದಳು. ತೊಂದರೆ ಒಂದೇ. ಹೊಲಿಗೆ ಕೋಣೆಯಲ್ಲಿ ಎಷ್ಟೇ ಎಚ್ಚರ ವಹಿಸಿದರೂ ಗಿರಾಕಿಗಳ ಕೋಟುಗಳೆಲ್ಲ ಒಲೆಯ ಮುಂದೆ ಕೂತು ಎದ್ದು ಬಂದ ಹಾಗೆ ನಾರತೊಡಗಿದವು. ಅಣ್ಣನ ವರ್ಕ್‌ಶಾಪಿನಲ್ಲಿ ಜಾಗ ಸಿಗದಿದ್ದರೆ ಯಂತ್ರವನ್ನು ಮಾರಲೇಬೇಕಿತ್ತು.

ಬಿದ್ದ ಹಲಗೆಗಳನ್ನು ಹೆಕ್ಕುತ್ತಾ ಅವಳು ಸುಮ್ಮನೆ ಅಣ್ಣನ ಕೈ ನೋಡಿದಳು. ನೋಡಿದವಳು ಹೆಕ್ಕುವುದನ್ನೇ ಮರೆತಳು.

"ಅಣ್ಣಾ, ಮರದಲ್ಲಿ ಗೆರೆ ಅಂದ್ರೆ ಗೆರೆ, ಅದರ ಮೇಲೇ ಕತ್ತರಿಸು ಅಂತ ನೀನೇ ಅಂದಿದ್ದೆ ಅಲ್ವಾ?"

"ಹೂಂ, ಮತ್ತೆ?"

"ನೀನು ಗೆರೆ ಆಚೆ ಕೊಯ್ತಾ ಇದೀಯ."

ಅಣ್ಣ ಬಗ್ಗಿ ನೋಡಿದ. ಪೆನ್ಸಿಲ್ ಗೆರೆ ಮರದ ಮೇಲೆ ಪೂರ್ತಿಯಾಗಿ ಉಳಿದಿತ್ತು. "ಮತ್ತೆ ಗರಗಸ ಒಂಚೂರು ತಿನ್ನಲ್ವೇನೇ? ಅದಕ್ಕೆ ಬಿಟ್ಟುಕೊಂಡೇ ಕೊಯ್ಬೇಕು. ಅದೆಲ್ಲ ಕೈಗೇ ಗೊತ್ತಿರುತ್ತೆ."

"ನಿನ್ನ ಬಾಯಿಗೂ ಒಂದು ಮಾತು ಹೇಳೋಕೆ ಹೇಳು ನಿನ್ನ ಕೈಗೆ!" ಎಂದವಳೇ ಹಲಗೆಗಳನ್ನು ಎದೆಗೆ ಅವುಚಿಕೊಂಡು ತನ್ನ ಹೊಲಿಗೆ ಕೋಣೆಗೆ ಓಡಿದಳು.

ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡಳು. ಹೊಲಿಗೆಗೆಂದು ಅಂಚು ಬಿಡದೆ ಒಂದು ಬಟ್ಟೆಯನ್ನೂ ಕತ್ತರಿಸದ ಕೈ, ಮರದ ಮುಂದೆ ಮಾತ್ರ ಅಣ್ಣನ ಬಾಯನ್ನು ನಂಬಿತ್ತು! ಲೇಸರಿನ ಆ ನೀಲಿ ಬೆಳಕೂ ತಿನ್ನುತ್ತದೆ. ಸುಟ್ಟು ತಿನ್ನುತ್ತದೆ. ಒಂದಕ್ಕೊಂದು ಸಿಕ್ಕಿಕೊಳ್ಳಲೆಂದು ಹಲಗೆಯ ಅಂಚಿಗೆ ಕತ್ತರಿಸಿದ ಹಲ್ಲು ಸಣ್ಣಗಾಗುತ್ತದೆ, ಅದು ಕೂರಬೇಕಾದ ಸಂದು ಅಗಲವಾಗುತ್ತದೆ, ಪೆಟ್ಟಿಗೆ ಕಳಚದೆ ಇನ್ನೇನು ಮಾಡೀತು?

ಕಂಪ್ಯೂಟರಿನಲ್ಲಿ ಚಿತ್ರ ತೆರೆದು ಗೆರೆಗಳನ್ನು ಹೊರಕ್ಕೆ ಸರಿಸಿದಳು. ದರ್ಜಿಯ ಕೈ ಧಾರಾಳ, ಬೆಳೆಯುವ ಮಕ್ಕಳ ಅಂಗಿಗೆ ಬಿಟ್ಟ ಹಾಗೆ ಬಿಟ್ಟುಬಿಟ್ಟಿತು. ಹಲ್ಲು ಸಂದಿಯ ಹತ್ತಿರವೂ ಸುಳಿಯಲಿಲ್ಲ. ಕಮ್ಮಿ ಮಾಡಿದಳು. ಸಂದಿಯ ಬಾಗಿಲವರೆಗೆ ಬಂದು ನಿಂತಿತು. ಇನ್ನೂ ಒಂದು ಕೂದಲೆಳೆ ಕಮ್ಮಿ ಮಾಡಿ, ಯಂತ್ರದ ಮುಚ್ಚಳ ಹಾಕಿ, ಮತ್ತೆ ಕತ್ತರಿಸಿದಳು. ಈ ಸಲ ಹಲ್ಲು ಸಂದಿಯ ಬಾಯಿಗೆ ಬಂದು ಬಿಗಿಯಾಗಿ ಕೂತಿತು. ಮರದ ಸುತ್ತಿಗೆಯಿಂದ ಮೆಲ್ಲಗೆ ಒಂದು ಏಟು. ಟಕ್! ಒಳಗೆ ಹೋಯಿತು. ಅವಳು ಒಬ್ಬಳೇ ಇದ್ದ ಕೋಣೆಯಲ್ಲಿ ಚಪ್ಪಾಳೆ ತಟ್ಟಿಕೊಂಡಳು.

ಮರುದಿನ ಅಣ್ಣ ಹೊಸ ಪೆಟ್ಟಿಗೆಯನ್ನು ಬೋರಲು ಹಾಕಿದ. ಏನೂ ಬೀಳಲಿಲ್ಲ. ಅಲ್ಲಾಡಿಸಿದ. ಮೇಜಿಗೆ ಕುಕ್ಕಿದ. ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಎರಡೂ ಕೈಯಲ್ಲಿ ಜಗ್ಗಿದ. ಕತ್ತಿನ ನರ ಉಬ್ಬಿತು.

"ಬಿಡಿ ಅಂದ್ರೆ! ಪೆಟ್ಟಿಗೆ ಕಳಚಲ್ಲ, ನಿಮ್ಮ ಸೊಂಟ ಕಳಚುತ್ತೆ," ಎಂದು ಅತ್ತಿಗೆ ಬ್ರಶ್ ಹಿಡಿದೇ ನಕ್ಕಳು.

ಅಣ್ಣ ಪೆಟ್ಟಿಗೆಯನ್ನು ಕೆಳಗಿಟ್ಟ. ಕಂದು ಬಣ್ಣಕ್ಕೆ ಸುಟ್ಟ ಅಂಚುಗಳ ಮೇಲೆ ಹೆಬ್ಬೆರಳು ಆಡಿಸಿದ. ಉಗುರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ತಂಗಿಗೆ ಗೆದ್ದೆ ಎಂದು ಕೂಗಬೇಕೆನಿಸಿತು. ಆದರೂ ತಡೆದುಕೊಂಡು, "ಆ ಹಿಂದಿನ ಮೂಲೆ ಸಾಕಣ್ಣ ನಂಗೆ," ಎಂದಳು.

"ಬುದ್ಧಿ ಇದೆಯೇನೇ? ಮೂಲೇಲಿಟ್ರೆ ಹೊಗೆ ಎಲ್ಲಿಗೆ ಹೋಗ್ಬೇಕು? ಕಿಟಕಿ ಹತ್ರ ಇಡು."

ಕಿಟಕಿಯ ಹತ್ತಿರ ಇದ್ದದ್ದು ಅಪ್ಪನ ಮೇಜು, ಅಪ್ಪನ ನಂತರ ಅಣ್ಣನದು. ಅಣ್ಣ ಅದರ ಮೇಲಿನ ಉಳಿ, ಕೀಸುಳಿಗಳನ್ನೆಲ್ಲ ಪಕ್ಕಕ್ಕೆ ತೆಗೆದಿಟ್ಟು ಮೇಜಿಗೆ ಹೆಗಲು ಕೊಟ್ಟ.

"ನೋಡ್ತಾ ನಿಂತ್ಯಲ್ಲ," ಎಂದ, "ಆ ಕಡೆಯಿಂದ ನೂಕು."