ನಾನೂರ ಹದಿಮೂರನೇ ಬಳ್ಳಿ

ತಿಕೋಟಾದಲ್ಲಿ ಅಂದು ಐವತ್ತೆರಡು ಡಿಗ್ರಿ. ತಂಗೆವ್ವನ ದ್ರಾಕ್ಷಿ ತೋಟದೊಳಗೆ ಮಾತ್ರ ಹದಿನಾರು. ಅವಳ ನಾನೂರ ಹನ್ನೆರಡು ಬಳ್ಳಿಗಳಿಗೆ ಸರಕಾರ ಚಳಿ ಮಂಜೂರು ಮಾಡಿತ್ತು. ಮನುಷ್ಯರಿಗೆ ಮಾಡುತ್ತಿರಲಿಲ್ಲ. ವೈನಿಗೆ ಪರದೇಶದಲ್ಲಿ ಗಿರಾಕಿ ಇದೆ, ಮನುಷ್ಯರಿಗೆಲ್ಲಿದೆ?

ಚಳಿ ಇನ್ಸ್‌ಪೆಕ್ಟರ್ ಹಲಸಂಗಿ ಒಂದು ಹಣ್ಣು ಬಾಯಿಗೆ ಹಾಕಿಕೊಂಡು ಚಪ್ಪರಿಸಿದ.

"ಹುಳಿ ಸಾಲದು. ತಣ್ಣಗಿದ್ರ ಹಣ್ಣು ಸಾವಕಾಶ ಮಾಗತೈತಿ, ಹುಳಿ ಉಳೀತೈತಿ, ವೈನ್ ಹಗುರ ಆಗತೈತಿ. ಇದು ಅವಸರದಾಗ ಸಿಹಿ ಆಗೇತಿ. ಯಾರೋ ಇಲ್ಲಿ ಉಸಿರಾಡಿ ತೋಟ ಕಾಯಿಸಾಕತ್ತಾರ."

ಬಳ್ಳಿಗಳ ನಡುವೆ ಸೀರೆಯ ಜೋಳಿಗೆ ತೂಗುತ್ತಿತ್ತು. ಒಳಗೆ ತಂಗೆವ್ವನ ಎರಡು ತಿಂಗಳ ಮೊಮ್ಮಗಳು.

"ತಗೀರಿ ಹೊರಗ. ಚಳಿ ಬಳ್ಳಿಗಷ್ಟ."

"ಹಂಗಾರ ಇಕೀನ್ನೂ ಬಳ್ಳಿ ಅಂತ ಬರಕೋರಿ, ಸಾಹೇಬ್ರ," ಅಂದಳು ತಂಗೆವ್ವ.

ಹಲಸಂಗಿ ಗಂಭೀರವಾಗಿ ಫಾರಂ ತಿರುವಿದ. ಬಳ್ಳಿ ಅಳಬಾರದು ಎಂದು ಎಲ್ಲೂ ಬರೆದಿರಲಿಲ್ಲ.

"ಫಲ ಯಾವಾಗ?"

"ಭಾಳ ವರ್ಷ ಬೇಕ್ರಿ. ತಣ್ಣಗಿದ್ರ ಸಾವಕಾಶ ಮಾಗತೈತಿ ಅಂತ ನೀವ ಅಂದ್ರಲ್ಲ."

"ಅಕ್ಟೋಬರದಾಗ ಕತ್ತರಿ ಹಾಕಲೇಬೇಕು. ಕಾನೂನು ಐತಿ."

"ಆತಳ್ರಿ. ಅಕ್ಟೋಬರಕ್ಕ ಕೂಸಿನ ಜಾವಳದ ಕೂದಲ ತಗಸ್ತೀವಿ."

ಹಲಸಂಗಿ ಜೋಳಿಗೆಗೆ ನಾನೂರ ಹದಿಮೂರರ ಚೀಟಿ ಕಟ್ಟಿದ. ಗೇಟಿನವರೆಗೆ ಹೋದವನು ತಿರುಗಿ ಬಂದು ದನಿ ತಗ್ಗಿಸಿದ.

"ಸಾಲಿನ್ಯಾಗ ಇನ್ನೊಂದಕ್ಕ ಜಾಗ ಐತೇನ್ರಿ? ಮನ್ಯಾಗ ನಮ್ಮವ್ವ ಅದಾಳ. ಭಾಳ ಹಳೇ ಬಳ್ಳಿ. ಹುಳಿ ಮಾತ್ರ ಒಂಚೂರೂ ಇಳದಿಲ್ಲ."