ಒಫೆಲಿಯಾ ಬರೆದ ಉತ್ತರ

"ವಿಮಾನದ ಬ್ರೇಕಿನ ಈ ಬೋಲ್ಟಿಗೆ ಬಿಗಿ ಎಷ್ಟು ನ್ಯೂಟನ್-ಮೀಟರ್ ಇರಬೇಕು?" ಮ್ಯಾನೇಜರ್ ಉಗಾಲ್ದೆ ಮತ್ತು ವಿದೇಶಿ ನಿರ್ದೇಶಕರ ಪಕ್ಕ ಕೂತಿದ್ದ ಹಳೆಯ ತಂತ್ರಜ್ಞೆ ಒಫೆಲಿಯಾ ಕೇಳಿದಳು.

"ಇನ್ನೂರ ಹತ್ತು." ಮೆಕ್ಸಿಕೊದ ಕೆರೆತಾರೊ ನಗರದ ಆ ವಿದೇಶಿ ವಿಮಾನಭಾಗಗಳ ಕಾರ್ಖಾನೆಯಲ್ಲಿ ವಿಭಾಗದ ಮುಖ್ಯಸ್ಥನಾಗಲು ಸಂದರ್ಶನಕ್ಕೆ ಬಂದಿದ್ದ ಫಾಬ್ರಿಸಿಯೊ ಥಟ್ಟನೆ ಹೇಳಿದ.

ಅವಳ ಪೆನ್ನು ನಿಂತಿತು. ಸರಿಯಾದದ್ದು ನೂರಾ ಇಪ್ಪತ್ತು. ಇನ್ನೂರ ಹತ್ತಕ್ಕೆ ಬಿಗಿದರೆ ಬೋಲ್ಟು ಮುರಿದೇ ಹೋಗುತ್ತದೆ. ನಿನ್ನೆ ಈ ಸಂದರ್ಶನದ ಪ್ರಶ್ನೆಗಳಿಗೆಂದು ಉಗಾಲ್ದೆಗೆ ಬರೆದುಕೊಟ್ಟ ಉತ್ತರದ ಹಾಳೆಯಲ್ಲಿ, ಅವಸರಕ್ಕೆ ಅಂಕಿ ಅದಲುಬದಲಾಗಿ ಇನ್ನೂರ ಹತ್ತು ಎಂದು ಬರೆದವಳು ಅವಳೇ. ಆ ಹಾಳೆ ಉಗಾಲ್ದೆಯ ಕೈಯಲ್ಲಿ ಮಾತ್ರ ಇತ್ತು.

"ನನ್ನ ತಪ್ಪು ಇವರ ಬಾಯಿಗೆ ಹೆಂಗೆ ಬಂತು, ಸಾರ್?"

ಉಗಾಲ್ದೆ ಹಾಳೆಯನ್ನು ವಿದೇಶಿ ನಿರ್ದೇಶಕರ ಮುಂದೆ ಸರಿಸಿ, ಚಿಕ್ಕ ಹುಡುಗಿಯನ್ನು ಕರೆಯುವಂತೆ ಅವಳ ಹೆಸರನ್ನು ಮುದ್ದಾಗಿಸಿ ಹೇಳಿದ. "ನಿಮ್ಮದೇ ಕೈಬರಹ, ಒಫೆಲಿತಾ. ಹನ್ನೊಂದು ವರ್ಷ ಇಲ್ಲೇ ಇದ್ದು ಒಂದು ಬೋಲ್ಟು ಗೊತ್ತಿಲ್ವಾ?" ಆಮೇಲೆ ಫಾಬ್ರಿಸಿಯೊನತ್ತ ತಿರುಗಿ ನಕ್ಕ. "ನಾಳೆಯಿಂದ ನೀವೇ ಇವರಿಗೆ ಹೇಳಿಕೊಡಿ, ಇಂಜಿನಿಯರೇ."